ಕೆಟ್ಟದ್ದು ಪಂಪೋ, ಸಪ್ಲೈಯರೋ?

ಇಂಗ್ಲಿಷ್ ಬರಬೇಕಾದರೆ ಕನ್ನಡದಲ್ಲಿ ಯೋಚನೆ ಮಾಡುವುದನ್ನು ಮೊದಲು ಬಿಡಬೇಕಂತೆ. ಕೊಚ್ಚಿಯ ಒಂದು ಕೋಚಿಂಗ್ ಸೆಂಟರಿನಿಂದ ನನ್ನ ತಂಗಿಯ ಮಗ ಈ ಮಾತನ್ನು ಮನೆಗೆ ಹೊತ್ತು ತಂದ. ಹುಡುಗ ಬದಿಯಡ್ಕದ ಕಡೆಯವನು, ಹತ್ತನೆಯವರೆಗೆ ಕನ್ನಡ ಮೀಡಿಯಂ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಹುಡುಕುತ್ತಾ ಮೂರು ತಿಂಗಳು ನಮ್ಮ ಮನೆಯಲ್ಲಿದ್ದ. ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಗಟ್ಟಿಗ. ಆದರೆ ಎರಡು ಕಡೆ ಇಂಗ್ಲಿಷ್ ಬರವಣಿಗೆಯ ಪರೀಕ್ಷೆಯಲ್ಲೇ ಬಿದ್ದ. "ಮಾವ, ಕನ್ನಡ ಮೀಡಿಯಂನಲ್ಲಿ ಓದಿದ್ದೇ ಎಡವಟ್ಟಾಯಿತು" ಅಂತ ಒಂದು ದಿನ ಊಟಕ್ಕೆ ಕೂತಾಗ ಅಂದ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ ನೋಡಿ.

ಅವನ ಉತ್ತರಪತ್ರಿಕೆ ಸಿಗಲಿಲ್ಲ, ಆದರೆ ಕೋಚಿಂಗಿನ ನೋಟ್ಸು ಇತ್ತು. ಅದರಲ್ಲಿ ಕೆಂಪು ಗೆರೆ ಬಿದ್ದ ವಾಕ್ಯಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು. ವ್ಯಾಕರಣದವರು ಪಾರ್ಟಿಸಿಪಲ್ ಫ್ರೇಸ್ ಅನ್ನುತ್ತಾರಲ್ಲ, ಅದು. ಶಾಲೆಯಲ್ಲಿ ನಾವು ಕೃದಂತ ಅಂತ ಬಾಯಿಪಾಠ ಮಾಡಿದ್ದರ ಇಂಗ್ಲಿಷ್ ದಾಯಾದಿ. ಎರಡು ವಾಕ್ಯ ಕೊಟ್ಟು ಪಾರ್ಟಿಸಿಪಲ್ ಬಳಸಿ ಒಂದು ಮಾಡಿ ಅಂತ ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲಿ ಅಭ್ಯಾಸ ಇತ್ತಲ್ಲ, ಅದೇ. (ಆ ಪುಸ್ತಕದ ರೆನ್ ಸಾಹೇಬರು ಮುಂಬೈ ಕಡೆ ಮೇಷ್ಟ್ರಾಗಿದ್ದವರು, 1924ರಲ್ಲಿ 'ಬೋ ಜೆಸ್ಟ್' ಅನ್ನೋ ಸಾಹಸದ ಕಾದಂಬರಿ ಬರೆದವರೂ ಅವರೇ. ವ್ಯಾಕರಣದಲ್ಲಿ ಒಂಚೂರು ಸಾಹಸ ಹಾಕಿದ್ದರೆ ನಮ್ಮ ತಲೆಮಾರು ಉಳಿಯುತ್ತಿತ್ತು!)

ನನ್ನ ವಾದ ಇಷ್ಟೇ. ಈ ವಿಷಯದಲ್ಲಿ ಕನ್ನಡದ ಹುಡುಗನಿಗೆ ಬಡತನ ಇಲ್ಲ, ಶ್ರೀಮಂತಿಕೆ ಹೆಚ್ಚಾಗಿ ತೊಂದರೆ ಆಗಿದೆ. ಅವನ ಕೈಯಲ್ಲಿ ಇರುವ ಸಲಕರಣೆ ಇಂಗ್ಲಿಷಿನದಕ್ಕಿಂತ ದೊಡ್ಡದು. ಎರಡೂ ಎಲ್ಲಿ ಬೇರೆ ಅಂತ ಯಾರಾದರೂ ಒಂದು ಗಂಟೆ ಕೂತು ಹೇಳಿದರೆ ಸಾಕು. ಅದು ಬಿಟ್ಟು ಮನೆಮಾತನ್ನೇ ಮರೆ ಅನ್ನುವುದು ಯಾವ ಸೀಮೆಯ ಪಾಠ?

ಒಂದು ಉದಾಹರಣೆ ನೋಡಿ. ಕಾಯಿ ಕೊಯ್ದ ಹುಡುಗ. ಹುಡುಗ ಕೊಯ್ದ ಕಾಯಿ. ಕಾಯಿ ಕೊಯ್ದ ಕತ್ತಿ. ಕಾಯಿ ಕೊಯ್ದ ಮರ. ಕಾಯಿ ಕೊಯ್ದ ದಿನ. ಐದೂ ಕಡೆ ಇರುವುದು ಒಂದೇ 'ಕೊಯ್ದ'. ಮಾಡಿದವನು, ಮಾಡಿಸಿಕೊಂಡದ್ದು, ಸಾಧನ, ಜಾಗ, ಹೊತ್ತು ಎಲ್ಲದಕ್ಕೂ ಅದೇ ಪದ ಅಂಟಿಕೊಳ್ಳುತ್ತದೆ. ನಮಗೆ ಎಲ್ಲಾದರೂ ಗೊಂದಲ ಆಗುತ್ತದಾ? ಕತ್ತಿ ತಾನೇ ಮರ ಹತ್ತಿತು ಅಂತ ಯಾರೂ ತಿಳಿಯುವುದಿಲ್ಲ. ಇಂಗ್ಲಿಷಿಗೆ ಇದು ಆಗದು. ಐದರಲ್ಲಿ ಹುಡುಗ ಕೊಯ್ದ ಕಾಯಿಯನ್ನು ಮಾತ್ರ ಅದು ಪಾರ್ಟಿಸಿಪಲ್ಲಿನಲ್ಲಿ ಸಲೀಸಾಗಿ ಹೇಳೀತು. ಉಳಿದ ಕಡೆ ಹೂ, ವಿತ್ ವಿಚ್, ಫ್ರಮ್ ವಿಚ್ ಅಂತ ಹಗ್ಗ ಕಟ್ಟಿ ಎಳೆಯಬೇಕು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಪಾದ್ರಿ ನಮ್ಮ ಈ ರೂಪವನ್ನು ರಿಲೇಟಿವ್ ಪಾರ್ಟಿಸಿಪಲ್ ಅಂತಲೇ ಕರೆದರು. ಇಂಗ್ಲಿಷಿನಲ್ಲಿ ಹೂ, ವಿಚ್ ಎಂಬ ಸಂಬಂಧದ ಪದಗಳು ಮಾಡುವ ಕೆಲಸವನ್ನೂ ಇಲ್ಲಿ ಈ ಕೃದಂತವೇ ಮಾಡುತ್ತದೆ ಅಂತ ಅರ್ಥ.

ಹಾಗಾದರೆ ಇಂಗ್ಲಿಷಿನ ಪಾರ್ಟಿಸಿಪಲ್ಲಿಗೆ ಏನು ಗೊತ್ತು? ಕೆಲಸ ಮಾಡುತ್ತಿರುವುದು ಯಾರು, ಮಾಡಿಸಿಕೊಂಡದ್ದು ಯಾವುದು ಅಂತ ಅದು ಮೈಮೇಲೆ ಗುರುತು ಹಾಕಿಕೊಂಡು ಓಡಾಡುತ್ತದೆ. 'ಇಂಗ್' ಇದ್ದರೆ ಮಾಡುವ ಕಡೆ, 'ಇಡಿ' ಇದ್ದರೆ ಹೆಚ್ಚಾಗಿ ಮಾಡಿಸಿಕೊಂಡ ಕಡೆ. ನಮ್ಮಲ್ಲಿ ಆ ಗುರುತು ಇಲ್ಲ. ನಾಯಿಗೆ ಹೆದರಿದ ಮಗು, ಮಗು ಹೆದರಿದ ನಾಯಿ. ಎರಡೂ ಕಡೆ 'ಹೆದರಿದ'ವೇ. ಇಂಗ್ಲಿಷಿನಲ್ಲಿ ಮಗು ಫ್ರೈಟನ್ಡ್, ನಾಯಿ ಫ್ರೈಟನಿಂಗ್. ಅದಕ್ಕೇ ನಮ್ಮ ಹುಡುಗರು ಭಾನುವಾರ ಮಧ್ಯಾಹ್ನ 'ಐ ಆಮ್ ವೆರಿ ಬೋರಿಂಗ್' ಅಂತ ಗೆಳೆಯರಿಗೆ ಮೆಸೇಜು ಹಾಕಿ, ತಾವೇ ಊರಿಗೆಲ್ಲ ತಲೆನೋವು ಅಂತ ಒಪ್ಪಿಕೊಂಡು ಬಿಡುತ್ತಾರೆ. ಇಂಗ್ಲಿಷ್ ಬರದ ತಪ್ಪು ಇದು ಅಂತ ನಗುತ್ತೇವೆ. ಕನ್ನಡದ ಕೃದಂತಕ್ಕೆ ಆ ಭೇದ ಬೇಕಿರಲಿಲ್ಲ ಅಂತ ಹೇಳಿಕೊಟ್ಟವರು ಯಾರು?

ನಮ್ಮ ಕೃದಂತ ಹಾಕಿಕೊಳ್ಳುವ ಗುರುತು ಕಾಲದ್ದು. ಬಂದ, ಬರುವ. ಜೊತೆಗೆ ಇಲ್ಲದ್ದಕ್ಕೂ ಒಂದು: ಬಾರದ. ಇಂಗ್ಲಿಷಿನದಕ್ಕೆ ಸ್ವಂತ ಕಾಲವೇ ಇಲ್ಲ! ಪ್ರೆಸೆಂಟ್ ಪಾರ್ಟಿಸಿಪಲ್, ಪಾಸ್ಟ್ ಪಾರ್ಟಿಸಿಪಲ್ ಅಂತ ಹೆಸರಿಟ್ಟವರು ಯಾರೋ ಪುಣ್ಯಾತ್ಮರು, ಅಷ್ಟಕ್ಕೇ ಅರ್ಧ ಗೊಂದಲ. ಮೂಲೆಯಲ್ಲಿ ನಿಂತಿದ್ದವನೂ ಸ್ಟ್ಯಾಂಡಿಂಗ್, ನಿಂತಿರುವವನೂ ಸ್ಟ್ಯಾಂಡಿಂಗ್, ನಾಳೆ ನಿಲ್ಲುವವನೂ ಸ್ಟ್ಯಾಂಡಿಂಗ್. 'ಲೆಟರ್ಸ್ ರಿಟನ್ ಟುಮಾರೋ' ಅಂದರೆ ನಾಳೆ ಬರೆಯುವ ಕಾಗದಗಳು, ಆದರೂ ಹೆಸರು ಮಾತ್ರ ಪಾಸ್ಟ್. 'ಪ್ರೆಸೆಂಟ್' ಅಂದ ಕೂಡಲೇ ನಮ್ಮ ಹುಡುಗ ವರ್ತಮಾನ ಕಾಲ ಅಂತ ಬರೆದುಕೊಳ್ಳುತ್ತಾನೆ, ಅಲ್ಲಿಗೆ ಬಂಡಿ ಹಳಿ ತಪ್ಪಿತು. ಮಾಡುವ ರೂಪ, ಮಾಡಿಸಿಕೊಂಡ ರೂಪ ಅಂತ ಕನ್ನಡದಲ್ಲಿ ಎರಡು ಹೆಸರು ಕೊಟ್ಟು ನಾನು ಅವನಿಗೆ ಹೇಳಿದೆ. ಹತ್ತು ನಿಮಿಷ ಹಿಡಿಯಿತು, ಅಷ್ಟೇ.

ಇನ್ನು ನಿಜವಾದ ಗುಂಡಿ ಬೇರೆ ಇದೆ. ಅದರಲ್ಲಿ ಬೀಳುವುದು ಹುಡುಗರು ಮಾತ್ರ ಅಲ್ಲ, ದೊಡ್ಡ ದೊಡ್ಡ ಆಫೀಸುಗಳೂ ಬೀಳುತ್ತವೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ (ಹೆಸರು ಬೇಡ ಬಿಡಿ) ಖರೀದಿ ಮಾಡಿದ ನೀರಿನ ಪಂಪುಗಳು ಕೆಟ್ಟಿದ್ದವು. ಬದಲಾಯಿಸಿ ಕೊಡಿ ಅಂತ ನಮ್ಮ ಸೆಕ್ಷನ್ನಿನಿಂದ ಕಾಗದ ಹೋಯಿತು. ಕಾಗದದ ಮೊದಲ ವಾಕ್ಯ ಹೀಗಿತ್ತು: 'ಬೀಯಿಂಗ್ ಫೌಂಡ್ ಡಿಫೆಕ್ಟಿವ್, ದ ಸಪ್ಲೈಯರ್ ಈಸ್ ರಿಕ್ವೆಸ್ಟೆಡ್ ಟು ರಿಪ್ಲೇಸ್ ದ ಪಂಪ್ಸ್.' ಬರೆದವರ ಮನಸ್ಸಿನಲ್ಲಿ ಕೆಟ್ಟದ್ದು ಪಂಪು. ಕಾಗದದಲ್ಲಿ ಕೆಟ್ಟವನು ಸಪ್ಲೈಯರ್! ಅವರ ವಕೀಲರು ಇದನ್ನೇ ಹಿಡಿದುಕೊಂಡು, ನಮ್ಮ ಕಕ್ಷಿದಾರರ ಮಾನಕ್ಕೆ ಕುಂದು ಬಂದಿದೆ ಅಂತ ಉದ್ದದ ಉತ್ತರ ಬರೆದರು. ಅದಕ್ಕೆ ಸಮಜಾಯಿಷಿ, ಆ ಸಮಜಾಯಿಷಿಗೆ ಇನ್ನೊಂದು. ಪಂಪು ಬದಲಾಗುವ ಹೊತ್ತಿಗೆ ಬೇಸಿಗೆಯೇ ಕಳೆದಿತ್ತು. ಆ ಕ್ವಾರ್ಟರ್ಸಿನ ಹೆಂಗಸರು ಏಪ್ರಿಲ್, ಮೇ ಎರಡೂ ತಿಂಗಳು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತರು. ವ್ಯಾಕರಣದಿಂದ ಹೊಟ್ಟೆ ತುಂಬುತ್ತದಾ ಅಂತ ಕೇಳುವವರಿಗೆ ನಾನು ಕೊಡ ತುಂಬದ ಈ ಕಥೆ ಹೇಳುವುದುಂಟು.

ಏನಾಯಿತು ಅಲ್ಲಿ? ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಬರುವ ಪಾರ್ಟಿಸಿಪಲ್ ಫ್ರೇಸ್ ಅಂದರೆ ಒಂದು ಖಾಲಿ ಕುರ್ಚಿ ಇದ್ದ ಹಾಗೆ. ಅದರಲ್ಲಿ ಕರ್ತೃ ಕಾಣುವುದಿಲ್ಲ. ಕಾಮಾ ದಾಟಿದ ಮೇಲೆ ಯಾರು ಮೊದಲು ಕರ್ತೃವಾಗಿ ಬರುತ್ತಾರೋ ಅವರು ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ನೀವು ಯಾರಿಗಾಗಿ ಕುರ್ಚಿ ಹಾಕಿದ್ದಿರಿ ಅಂತ ಕೇಳುವವರಿಲ್ಲ. 'ವಾಕಿಂಗ್ ಆನ್ ದ ರೋಡ್, ದ ರೈನ್ ಸ್ಟಾರ್ಟೆಡ್' ಅಂತ ಬರೆದರೆ ರಸ್ತೆಯಲ್ಲಿ ನಡೆದದ್ದು ಮಳೆ. 'ಬೀಯಿಂಗ್ ಎ ಹಾಲಿಡೇ, ದ ಆಫೀಸ್ ಈಸ್ ಕ್ಲೋಸ್ಡ್' ಅಂದರೆ ಆಫೀಸೇ ಒಂದು ರಜೆ. (ಕೆಲವು ಆಫೀಸುಗಳ ಬಗ್ಗೆ ಇದು ನಿಜವೂ ಹೌದು ಅನ್ನಿ.)

ಕನ್ನಡದಲ್ಲಿ ಕುರ್ಚಿಯ ಪದ್ಧತಿ ಬೇರೆ. 'ರಸ್ತೆಯಲ್ಲಿ ನಡೆಯುತ್ತಿದ್ದಾಗ ಮಳೆ ಶುರುವಾಯಿತು' ಅನ್ನಿ, ನಡೆದದ್ದು ಯಾರು ಅಂತ ಹೇಳದಿದ್ದರೂ ಕೇಳಿದವರಿಗೆ ಗೊತ್ತಾಗುತ್ತದೆ. ಕರ್ತೃವನ್ನು ಬಿಡುವುದು ನಮಗೆ ದಿನನಿತ್ಯದ ಕೆಲಸ. 'ಊಟ ಆಯಿತಾ?' 'ಆಯಿತು, ಈಗ ಹೊರಟೆ.' ಇದರಲ್ಲಿ ನಾನು, ನೀವು ಎಲ್ಲಿವೆ ಹೇಳಿ? ಇನ್ನೂ ಮುಂದಕ್ಕೆ ಹೋದರೆ, 'ಮಳೆ ಬಂದು ಕೆರೆ ತುಂಬಿತು' ಅನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಎರಡು, ವಾಕ್ಯ ಒಂದು, ನಮಗೆ ಅದು ಪೂರ್ತಿ ಸರಿ. ಹಾಗಂತ ಏನು ಬೇಕಾದರೂ ನಡೆಯುತ್ತದೆ ಅಂತಲ್ಲ. 'ನಾನು ಮನೆಗೆ ಬಂದು ಅಣ್ಣ ಊಟ ಮಾಡಿದ' ಅಂದರೆ ಚಿಕ್ಕ ಮಗುವೂ ಮುಖ ನೋಡುತ್ತದೆ. ಮಳೆ ಬಂದದ್ದರಿಂದ ಕೆರೆ ತುಂಬಿತು, ಕಾರಣದ ನಂಟಿದೆ, ಹಾಗಾಗಿ ನಡೆಯಿತು. ನಾನು ಬಂದದ್ದಕ್ಕೂ ಅಣ್ಣನ ಊಟಕ್ಕೂ ನಂಟಿಲ್ಲ. ಅರ್ಥದ ನಂಟು ಇದ್ದರೆ ಕರ್ತೃ ಬದಲಾಗಲಿ ಅನ್ನುತ್ತದೆ ಕನ್ನಡ. ಅರ್ಥ ಏನೇ ಇರಲಿ, ಜಾಗ ನೋಡಿ ಕೂರು ಅನ್ನುತ್ತದೆ ಇಂಗ್ಲಿಷು.

ನಾನು ಕೊಚ್ಚಿಗೆ ಬಂದು ಮೂವತ್ತು ವರ್ಷ ದಾಟಿತು. ಈ ವಾಕ್ಯವನ್ನೇ ನೋಡಿ. ಬಂದವನು ನಾನು, ದಾಟಿದ್ದು ವರ್ಷ. ಇದರಷ್ಟು ಸಹಜವಾದ ಕನ್ನಡ ಇನ್ನೊಂದಿಲ್ಲ, ಊರು ಬಿಟ್ಟು ಬಂದವರೆಲ್ಲ ಯಾವಾಗಲಾದರೂ ಹೇಳುವ ಮಾತು. ಇದನ್ನೇ 'ಹ್ಯಾವಿಂಗ್ ಕಮ್ ಟು ಕೊಚ್ಚಿ, ಥರ್ಟಿ ಇಯರ್ಸ್ ಪಾಸ್ಡ್' ಅಂತ ಮಾಡಿದರೆ ಮೂವತ್ತು ವರ್ಷಗಳು ಎರ್ನಾಕುಳಂ ಸೌತ್ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹಿಡಿದು ಇಳಿದ ಹಾಗಾಗುತ್ತದೆ. ನಮ್ಮ ಹುಡುಗನ ನೋಟ್ಸಿನಲ್ಲಿದ್ದ ಕೆಂಪು ಗೆರೆಗಳು ಬಹುತೇಕ ಇಂಥವೇ. ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದ, ಇಂಗ್ಲಿಷಿನ ಕುರ್ಚಿಯ ನಿಯಮ ಅವನಿಗೆ ಯಾರೂ ಹೇಳಿರಲಿಲ್ಲ.

ಅಂದ ಹಾಗೆ ಈ ತಪ್ಪು ಇಂಗ್ಲಿಷರು ಮಾಡುವುದಿಲ್ಲ ಅಂದುಕೊಳ್ಳಬೇಡಿ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಸತ್ತ ರಾಜನ ಪ್ರೇತ ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತೆಂದು ಊರಿಗೆ ಹೇಳಿದ್ದಾರೆ ಅಂತ ಹೇಳುವ ಮಾತಿದೆ. ವ್ಯಾಕರಣ ಹಿಡಿದು ನೋಡಿದರೆ ಅಲ್ಲಿ ಮಲಗಿದ್ದು ಹಾವು! ಶೇಕ್ಸ್‌ಪಿಯರ್ ಬರೆದರೆ ನಾಟಕ, ಬದಿಯಡ್ಕದ ಹುಡುಗ ಬರೆದರೆ ಕೆಂಪು ಗೆರೆ. ಕನ್ಸಿಡರಿಂಗ್, ರಿಗಾರ್ಡಿಂಗ್ ತರಹದ ಪದಗಳು ಕುರ್ಚಿಯಲ್ಲಿ ಯಾರೂ ಇಲ್ಲದೆಯೇ ಎಷ್ಟೋ ಕಾಲದಿಂದ ನೆಮ್ಮದಿಯಾಗಿ ಓಡಾಡಿಕೊಂಡಿವೆ, ಅವಕ್ಕೆ ಕೇಳುವವರಿಲ್ಲ. ನಿಯಮ ಅಂದರೆ ನಿಯಮವೇ, ಪರೀಕ್ಷೆಯಲ್ಲಿ ಪಾಲಿಸಲೇಬೇಕು. ಆದರೆ ಅದು ತಪ್ಪಿದವನ ತಲೆಯಲ್ಲಿ ಬುದ್ಧಿ ಇಲ್ಲ ಅಂತ ಅರ್ಥ ಅಲ್ಲ.

ಈಗ ಮಲಯಾಳದ ಕಡೆ ಬರೋಣ, ಇಷ್ಟು ವರ್ಷ ಅನ್ನ ಕೊಟ್ಟ ನಾಡು. ಇಲ್ಲಿನ ಶಾಲೆಯ ಮಕ್ಕಳು ಕೃದಂತ ಅನ್ನುವುದಿಲ್ಲ. ಪೇರೆಚ್ಚಂ, ವಿನಯೆಚ್ಚಂ ಅನ್ನುತ್ತಾರೆ. ಪೇರ್ ಅಂದರೆ ಹೆಸರು, ನಾಮಪದ. ವಿನ ಅಂದರೆ ಕ್ರಿಯೆ. ಎಚ್ಚಂ ಅಂದರೆ ಉಳಿದದ್ದು, ಪೂರ್ತಿ ಆಗದ್ದು. ಹೆಸರು ಸೇರಿದರೆ ಪೂರ್ತಿಯಾಗುವುದು ಪೇರೆಚ್ಚಂ: 'ವನ್ನ' ಅಂದರೆ ಬಂದ. ಯಾರು? ಕುಟ್ಟಿ. ಇನ್ನೊಂದು ಕ್ರಿಯೆ ಸೇರಿದರೆ ಪೂರ್ತಿಯಾಗುವುದು ವಿನಯೆಚ್ಚಂ: 'ವನ್ನ್' ಅಂದರೆ ಬಂದು. ಬಂದು ಏನು ಮಾಡಿದ? ನಮ್ಮ 'ಎಂಜಲು' ಕೂಡ ಈ ಎಚ್ಚದ ಮನೆತನದ್ದೇ, ಉಂಡು ಉಳಿದದ್ದು. ಎಂಥ ಚಂದದ ಹೆಸರು ನೋಡಿ! ಕೇಳಿದ ಕೂಡಲೇ ಇದು ಅರ್ಧ ಮಾತು, ಮುಂದೆ ಏನೋ ಬೇಕು ಅಂತ ಹುಡುಗರಿಗೆ ಹೊಳೆಯಬೇಕು. ನಮ್ಮ ಕೃದಂತನಾಮ, ಕೃದಂತಾವ್ಯಯಗಳನ್ನು ಕೇಳಿದರೆ ಏನು ಹೊಳೆಯುತ್ತದೆ? 'ಕೃತ್' ಪ್ರತ್ಯಯ ಕೊನೆಗೆ ಬಂದದ್ದು ಅಂತ ಸಂಸ್ಕೃತ ಬಲ್ಲವರಿಗೆ ಹೊಳೆಯಬಹುದು. ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಅಂತ ಡಿ.ಎನ್. ಶಂಕರ ಭಟ್ಟರು ಒಂದು ಪುಸ್ತಕವನ್ನೇ ಬರೆದರು. ಅವರ ಎಲ್ಲ ಮಾತು ನನಗೆ ಒಪ್ಪಿಗೆ ಅಂತಲ್ಲ, ಮಹಾಪ್ರಾಣ ಬಿಡುವುದು ನನ್ನ ಕೈಲಾಗದು. ಆದರೆ ಈ ಒಂದು ಜಾಗದಲ್ಲಿ ಅವರ ಹಠ ನನಗೆ ಸರಿ ಕಾಣುತ್ತದೆ.

ತಿರುವನಂತಪುರಕ್ಕೆ ಆಫೀಸಿನ ಕೆಲಸಕ್ಕೆ ಹೋದಾಗಲೆಲ್ಲ ಸೆಕ್ರೆಟೇರಿಯಟ್ಟಿನಿಂದ ಪಾಳಯಂ ಕಡೆ ನಡೆದು ಹೋಗುತ್ತೇನೆ. ದಾರಿಯಲ್ಲಿ ಯೂನಿವರ್ಸಿಟಿ ಕಾಲೇಜು. ಹಿಂದೆ ಅದು ಮಹಾರಾಜಾಸ್ ಕಾಲೇಜು (ಎರ್ನಾಕುಳಂನ ಮಹಾರಾಜಾಸ್ ಬೇರೆ, ಗೊಂದಲ ಬೇಡ). ಎ.ಆರ್. ರಾಜರಾಜ ವರ್ಮ ಅಲ್ಲಿ ಪಾಠ ಹೇಳುತ್ತಿದ್ದರು. ಸಂಸ್ಕೃತದಲ್ಲಿ ಮಹಾಪಂಡಿತರು. 1896ರಲ್ಲಿ 'ಕೇರಳಪಾಣಿನೀಯಂ' ಬರೆದರು, 1917ರಲ್ಲಿ ಅದನ್ನು ತಿದ್ದಿ ಮತ್ತೆ ಹೊರತಂದರು, ಮರುವರ್ಷ ತೀರಿಕೊಂಡರು. ಪುಸ್ತಕದ ಹೆಸರಿನಲ್ಲೇ ಪಾಣಿನಿ ಇದ್ದಾನೆ, ಆದರೂ ಈ ವಿಷಯಕ್ಕೆ ಬಂದಾಗ ಪೇರೆಚ್ಚಂ, ವಿನಯೆಚ್ಚಂಗಳನ್ನೇ ಇಟ್ಟುಕೊಂಡರು. ವಿನಯೆಚ್ಚದಲ್ಲಿ ಐದು ಬಗೆ ಹೇಳಿದರು. ಮೊದಲು ಆದದ್ದಕ್ಕೆ ಮುನ್ ವಿನಯೆಚ್ಚಂ, ನಮ್ಮ 'ಬಂದು' ಇದ್ದ ಹಾಗೆ. ಮುಂದೆ ಆಗಬೇಕಾದ್ದಕ್ಕೆ ಪಿನ್ ವಿನಯೆಚ್ಚಂ, ನಮ್ಮ 'ಬರಲು'. 'ಬಂದರೆ' ಅನ್ನುವಂಥದ್ದು ಪಾಕ್ಷಿಕ. ಇಂಗ್ಲಿಷಿನ ಒಂದು 'ಇಂಗ್' ಹೊರುವ ಹೊರೆಯನ್ನು ಇಲ್ಲಿ ಇಷ್ಟು ಜನ ಹಂಚಿಕೊಂಡು ಹೊರುತ್ತಾರೆ. ಸಂಸ್ಕೃತ ಬಲ್ಲ ದೊಡ್ಡವರು ದೇಶಿ ಹೆಸರಿಗೆ ಮರ್ಯಾದೆ ಕೊಟ್ಟದ್ದು ನನಗೆ ತುಂಬಾ ಮೆಚ್ಚುಗೆಯ ವಿಷಯ. ನಮ್ಮ ಕೇಶಿರಾಜನ ಶಬ್ದಮಣಿದರ್ಪಣ ಹದಿಮೂರನೆಯ ಶತಮಾನದ್ದು, ಅದರ ಮುಂದೆ ಇದು ಮೊನ್ನೆ ಮೊನ್ನೆಯ ಪುಸ್ತಕ. ಹಳಮೆಯಲ್ಲಿ ನಾವು ಮುಂದೆ, ಮಕ್ಕಳಿಗೆ ಅರ್ಥವಾಗುವ ಹೆಸರಿನಲ್ಲಿ ಅವರು ಮುಂದೆ.

ಇನ್ನೊಂದು ತಮಾಷೆ. ಮಲಯಾಳದಲ್ಲಿ ಅವನು ಬಂದರೂ, ಅವಳು ಬಂದರೂ, ನಾನು ಬಂದರೂ ಒಂದೇ 'ವನ್ನು'. ಕ್ರಿಯಾಪದಕ್ಕೆ ನಾನು, ನೀನು, ಅವನು ಅನ್ನೋ ಬಾಲ ಇಲ್ಲ. ಹಾಗಾಗಿ ಪೂರ್ತಿಯಾದ 'ವನ್ನು'ವಿಗೂ ಅರ್ಧದ 'ವನ್ನ್'ಗೂ ಕೊನೆಯಲ್ಲಿ ಒಂದು ಗಿಡ್ಡ ಉಕಾರದ ವ್ಯತ್ಯಾಸ ಮಾತ್ರ. ಬಂದ ಹೊಸತರಲ್ಲಿ ಕಿವಿಗೆ ಹಿಡಿಯುವುದೇ ಇಲ್ಲ. ನಮ್ಮಲ್ಲಿ ಇನ್ನೊಂದು ಕಡೆ ಹೀಗೆ: 'ಹುಡುಗ ಬಂದ', 'ಬಂದ ಹುಡುಗ'. ಪೂರ್ತಿಯದೂ ಬಂದ, ಅರ್ಧದ್ದೂ ಬಂದ. ಆದರೂ ಗೊಂದಲ ಇಲ್ಲ, ಯಾಕೆಂದರೆ ಕನ್ನಡದಲ್ಲಿ ಕೃದಂತ ಯಾವತ್ತೂ ನಾಮಪದದ ಮುಂದೆ ನಿಲ್ಲುತ್ತದೆ, ಪೂರ್ತಿ ಕ್ರಿಯೆ ಸಾಮಾನ್ಯವಾಗಿ ವಾಕ್ಯದ ಕೊನೆಗೆ.

ಇಂಗ್ಲಿಷ್ ಓದುವಾಗ ನಮ್ಮ ಹುಡುಗರು ಎಡವುವುದು ಇಲ್ಲೇ. 'ದ ಮ್ಯಾನ್ ಇಂಜರ್ಡ್ ಇನ್ ದ ಆಕ್ಸಿಡೆಂಟ್ ಡೈಡ್.' ಇಂಜರ್ಡ್ ಅನ್ನೋ ಹೊತ್ತಿಗೆ ವಾಕ್ಯ ಮುಗಿಯಿತು ಅಂತ ತಿಳಿದು, ಡೈಡ್ ಬಂದಾಗ ಕಕ್ಕಾಬಿಕ್ಕಿ. ಒಂಟಿ ಪದವಾದರೆ ನಾಮಪದದ ಮುಂದೆ, ಬಾಲ ಇರುವ ಫ್ರೇಸ್ ಆದರೆ ನಾಮಪದದ ಹಿಂದೆ: ಅದು ಇಂಗ್ಲಿಷಿನ ಪದ್ಧತಿ. ನಾನು ಹುಡುಗನಿಗೆ 'ಬಂದ ಹುಡುಗ, ಹುಡುಗ ಬಂದ' ಹೇಳಿ, "ಇದೇ ಇಂಜರ್ಡ್ ಮಾರಾಯ, ನಿಂತ ಜಾಗ ಮಾತ್ರ ಬೇರೆ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಹಾಗಾದರೆ ಇದು ನಮಗೆ ಮೊದಲೇ ಗೊತ್ತಿತ್ತು" ಅಂದ. ಇಷ್ಟು ಮಾತನ್ನು ಕೋಚಿಂಗಿನವರು ಫೀಸು ತೆಗೆದುಕೊಂಡ ಮೇಲಾದರೂ ಹೇಳಬಹುದಿತ್ತಲ್ಲ?

ಕೇರಳದಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರಿದ್ದಾರೆ, ಮಂಜೇಶ್ವರ, ಕಾಸರಗೋಡು ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಸರ್ಕಾರವೇ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತದೆ. ಆ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಅಂತ ಮೂರು ಮೂರು ಕೃದಂತಗಳನ್ನು ಒಟ್ಟಿಗೆ ನಡೆಸುವವರು. ಇಂಥ ತಲೆಗೆ ನಾಲ್ಕನೆಯದು ಭಾರವಾ? ಇಂಗ್ಲಿಷ್ ಮೇಷ್ಟ್ರು ಮತ್ತು ಕನ್ನಡ ಮೇಷ್ಟ್ರು ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಚಾ ಕುಡಿಯುತ್ತಾರೆ, ಆದರೆ ಒಬ್ಬರ ಕೃದಂತ ಇನ್ನೊಬ್ಬರ ಪಾರ್ಟಿಸಿಪಲ್ಲಿಗೆ ಪರಿಚಯವೇ ಆಗುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಇಬ್ಬರೂ ಸೇರಿ ಒಂದು ಪೀರಿಯಡ್ ತೆಗೆದುಕೊಂಡರೆ ಎಷ್ಟೋ ಕೆಂಪು ಶಾಯಿ ಉಳಿಯುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಕಮಿಟಿ ಬೇಕಿಲ್ಲ.

ಮತ್ತೆ ಎಲ್ಲ ಕಡೆ ಪಾರ್ಟಿಸಿಪಲ್ ತುರುಕಬೇಕು ಅಂತಲೂ ಇಲ್ಲ. ಆಫೀಸಿನ ಕಾಗದದಲ್ಲಿ ಬೀಯಿಂಗ್, ಹ್ಯಾವಿಂಗ್ ಅಂತ ಶುರು ಮಾಡಿದರೆ ಘನತೆ ಬರುತ್ತದೆ ಅಂತ ನಮ್ಮವರಿಗೆ ಒಂದು ಭ್ರಮೆ. 'ದ ಪಂಪ್ಸ್ ಆರ್ ಡಿಫೆಕ್ಟಿವ್. ಪ್ಲೀಸ್ ರಿಪ್ಲೇಸ್ ದೆಮ್' ಅಂತ ಬರೆದಿದ್ದರೆ ಏಪ್ರಿಲ್‌ನಲ್ಲೇ ನೀರು ಬರುತ್ತಿತ್ತು. ಹುಡುಗನಿಗೂ ಅದನ್ನೇ ಹೇಳಿದೆ: ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅಂತ ಖಾತ್ರಿ ಇಲ್ಲದಿದ್ದರೆ ಕುರ್ಚಿಯನ್ನೇ ಹಾಕಬೇಡ, ಎರಡು ವಾಕ್ಯ ಬರಿ. ಮೂರನೆಯ ಕಂಪೆನಿಯ ಪರೀಕ್ಷೆಯಲ್ಲಿ ಪಾಸಾದ. ಪಾಠದಿಂದಲೋ ಅದೃಷ್ಟದಿಂದಲೋ, ಗೊತ್ತಿಲ್ಲ.

ಈಗ ಅವನು ನಮ್ಮ ಕಾಗದಗಳಲ್ಲಿ ತಪ್ಪು ಹುಡುಕಲು ಶುರು ಮಾಡಿದ್ದಾನೆ. ಮೊನ್ನೆ ನನ್ನ ಒಂದು ಅರ್ಜಿಯ ಕೊನೆಯ ಸಾಲು ತೋರಿಸಿ, "ಮಾವ, ಈ 'ಥ್ಯಾಂಕಿಂಗ್ ಯು' ಕುರ್ಚಿಯಲ್ಲಿ ಯಾರೂ ಇಲ್ಲವಲ್ಲ?" ಅಂದ. ಹಿಂದಿನ ಕಾಲದಲ್ಲಿ ಇದ್ದರು. ನಿಮಗೆ ವಂದಿಸುತ್ತಾ, ನಾನು ತಮ್ಮ ವಿಧೇಯ ಸೇವಕನಾಗಿ ಉಳಿಯುತ್ತೇನೆ ಅಂತ ಪೂರ್ತಿ ವಾಕ್ಯ ಬರೆಯುತ್ತಿದ್ದರು. ಕಾಲ ಸರಿದ ಹಾಗೆ ಸೇವಕನೂ ಹೋದ, ಉಳಿಯುವುದೂ ಹೋಯಿತು, ಥ್ಯಾಂಕಿಂಗ್ ಯು ಒಂದೇ ಎಚ್ಚವಾಗಿ ಪುಟದ ತಳದಲ್ಲಿ ನೇತಾಡಿಕೊಂಡಿದೆ. ಸೆಕ್ರೆಟೇರಿಯಟ್ಟಿಗೆ ಹೋಗುವ ಅರ್ಜಿಗಳಲ್ಲಿ ಎಷ್ಟರಲ್ಲಿ ಅದು ಇರುವುದಿಲ್ಲ ಹೇಳಿ. ತಿದ್ದಲು ನನಗೆ ಮನಸ್ಸು ಬರಲಿಲ್ಲ, ಹಾಗೇ ಇಟ್ಟು ಸಹಿ ಹಾಕಿ ಕಳಿಸಿದೆ.